ಹಳೆಯ ಮಜ್ದಾ ಎಂಎಕ್ಸ್-5: ಕ್ರ್ಯಾಂಕ್‌ಕೇಸ್ ವೆಂಟಿಲೇಷನ್ ಬದಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಇಂದಿಗೂ ಮಾಡಿಫಿಕೇಷನ್ ಪ್ರಿಯರ ಅಚ್ಚುಮೆಚ್ಚಿನ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಇದರ ಮಾಲೀಕರು ಮೊದಲು ಕೈಹಾಕುವ ಕೆಲಸಗಳಲ್ಲಿ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್ ಬದಲಾವಣೆಯೂ ಒಂದು. ಖರ್ಚು ಕಡಿಮೆ, ಕೆಲಸವೂ ಸುಲಭ. ಆದರೆ ಪೈಪ್ ತಪ್ಪಾಗಿ ಜೋಡಿಸಿದರೆ ಚೆನ್ನಾಗಿದ್ದ ಎಂಜಿನ್ ಕೂಡ ಆಯಿಲ್ ಸೋರಲು ಶುರುವಾಗುತ್ತದೆ.

ಈ ವ್ಯವಸ್ಥೆ ಏಕೆ ಬೇಕು?

ಎಂಜಿನ್ ಓಡುವಾಗ ಸ್ವಲ್ಪ ಅನಿಲ ಪಿಸ್ಟನ್ ರಿಂಗ್‌ಗಳನ್ನು ದಾಟಿ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಇದೇ ಬ್ಲೋ-ಬೈ. ಇದರಲ್ಲಿ ಉರಿಯದ ಪೆಟ್ರೋಲ್, ನೀರಾವಿ ಇರುತ್ತವೆ. ಒಳಗಿನ ಆಯಿಲ್‌ನ ಸಣ್ಣ ಹನಿಗಳೂ ಸೇರಿಕೊಳ್ಳುತ್ತವೆ. ಹಿಂದಿನ ಕಾರುಗಳಲ್ಲಿ ಇದನ್ನು ಒಂದು ಕೊಳವೆಯ ಮೂಲಕ ನೇರವಾಗಿ ರಸ್ತೆಗೆ ಬಿಡಲಾಗುತ್ತಿತ್ತು. ಹೊಗೆ ಮಾಲಿನ್ಯದಿಂದ ಕಂಗೆಟ್ಟಿದ್ದ ಕ್ಯಾಲಿಫೋರ್ನಿಯಾ 1961ರಲ್ಲಿ ಪಿಸಿವಿ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ ತೀರ್ಮಾನ ಕೈಗೊಂಡಿತು. ಅನಿಲವನ್ನು ಎಂಜಿನ್ನಿಗೇ ಮರಳಿಸಿ ಸುಡುವುದು ಇದರ ಕೆಲಸ.

ಎಂಎಕ್ಸ್-5ರಲ್ಲಿ ಎರಡು ದಾರಿ

ಎಂಜಿನ್ ಮೇಲಿನ ವಾಲ್ವ್ ಕವರ್‌ನಿಂದ ಎರಡು ಪೈಪ್ ಹೊರಡುತ್ತವೆ. ಒಂದು ಪಿಸಿವಿ ವಾಲ್ವ್ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಸೇರುತ್ತದೆ. ಇನ್ನೊಂದು, ಅಂದರೆ ಬ್ರೀದರ್ ಪೈಪ್, ಥ್ರಾಟಲ್‌ಗಿಂತ ಮುಂಚಿನ ಗಾಳಿಯ ಕೊಳವೆಗೆ ಸೇರುತ್ತದೆ. ಸಾಮಾನ್ಯ ಓಟದಲ್ಲಿ ಬ್ರೀದರ್‌ನಿಂದ ಹೊಸ ಗಾಳಿ ಒಳಬಂದು, ಪಿಸಿವಿಯಿಂದ ಬ್ಲೋ-ಬೈ ಹೊರಹೋಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡ್‌ನ ಸೆಳೆತ ಕುಸಿಯುವುದರಿಂದ ಅನಿಲ ಬ್ರೀದರ್ ಮೂಲಕವೇ ಹೊರಬರುತ್ತದೆ. ಹಾಗಾಗಿ ಎರಡರಲ್ಲಿ ಯಾವುದನ್ನೂ ಮುಚ್ಚುವಂತಿಲ್ಲ.

ಸಾಮಾನ್ಯ ತಪ್ಪುಗಳು

ಬ್ರೀದರ್ ಪೈಪ್ ತೆಗೆದು ವಾಲ್ವ್ ಕವರ್‌ಗೆ ಸಣ್ಣ ಫಿಲ್ಟರ್ ಸಿಕ್ಕಿಸುವುದು ಮೊದಲ ತಪ್ಪು. ಮೂಲ ವ್ಯವಸ್ಥೆಯಲ್ಲಿ ಈ ಗಾಳಿ ಏರ್‌ಫ್ಲೋ ಮೀಟರ್ ದಾಟಿ ಬಂದಿರುತ್ತದೆ. ಫಿಲ್ಟರ್ ಹಾಕಿದರೆ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ ಸೇರಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಐಡ್ಲಿಂಗ್ ಏರುಪೇರಾಗುತ್ತದೆ. ಎರಡೂ ಪೈಪ್ ತೆಗೆದು ಹೊರಗೆ ಬಿಟ್ಟರೆ ಸೆಳೆತವೇ ಇಲ್ಲದೆ ನೀರಾವಿ ಆಯಿಲ್‌ನಲ್ಲೇ ಉಳಿಯುತ್ತದೆ. ಹೀಗೆ ಹೊರಬಿಡುವುದು ಅಮೆರಿಕದಲ್ಲಿ ರಸ್ತೆ ಕಾರುಗಳಿಗೆ ಕಾನೂನುಬಾಹಿರ.

ಕ್ಯಾಚ್ ಕ್ಯಾನ್ ಹೇಗಿರಬೇಕು?

ಆಯಿಲ್ ಹನಿಗಳನ್ನು ಹಿಡಿದಿಡುವ ಡಬ್ಬಿಯೇ ಕ್ಯಾಚ್ ಕ್ಯಾನ್. ಇದನ್ನು ಅಳವಡಿಸುವಾಗ ಗಮನಿಸಬೇಕಾದವು:

- ಒಳಗೆ ತಡೆಗೋಡೆ ಅಥವಾ ಜಾಲರಿ ಇರಬೇಕು. ಖಾಲಿ ಡಬ್ಬಿಯಲ್ಲಿ ಹನಿಗಳು ಸರಿಯಾಗಿ ನಿಲ್ಲುವುದಿಲ್ಲ.
- ಪಿಸಿವಿ ಕಡೆಯ ಕ್ಯಾನ್‌ನಿಂದ ಗಾಳಿ ಸೋರಬಾರದು. ಪೈಪ್ ಸೆಳೆತಕ್ಕೆ ಚಪ್ಪಟೆಯಾಗದಂಥದ್ದಿರಲಿ, ಮೂಲ ಪೈಪ್‌ಗಿಂತ ಸಣ್ಣದು ಬೇಡ.
- ಎಕ್ಸಾಸ್ಟ್ ಬಿಸಿಯಿಂದ ದೂರ, ತಂಪಾದ ಜಾಗದಲ್ಲಿರಲಿ. ಆಗಾಗ ಖಾಲಿ ಮಾಡಬೇಕು.
- ರೇಸ್ ಟ್ರ್ಯಾಕ್‌ಗೆ ಒಯ್ಯುವ ಕಾರಿನಲ್ಲಿ ಬ್ರೀದರ್ ಕಡೆಗೂ ಕ್ಯಾನ್ ಬೇಕಾಗಬಹುದು.

ಟರ್ಬೊ ಹಾಕಿದವರು ಇನ್ನೊಂದು ವಿಷಯ ನೋಡಬೇಕು. ಬೂಸ್ಟ್ ಬಂದಾಗ ಪಿಸಿವಿ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಒತ್ತಡ ನೇರ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತದೆ. ಆದ್ದರಿಂದ ಆ ಪೈಪ್‌ನಲ್ಲಿ ಚೆಕ್ ವಾಲ್ವ್ ಹಾಕಿ, ಬ್ರೀದರನ್ನು ಟರ್ಬೊಗಿಂತ ಮುಂಚಿನ ಕೊಳವೆಗೆ ಜೋಡಿಸಲಾಗುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಬದಲಾವಣೆ

ಪಿಸಿವಿ ವಾಲ್ವ್ ತೆಗೆದು ಅಲುಗಾಡಿಸಿದರೆ ಒಳಗೆ ಸದ್ದಾಗಬೇಕು. ಆಗದಿದ್ದರೆ ಜಿಡ್ಡುಗಟ್ಟಿದೆ ಎಂದರ್ಥ, ಹೊಸದು ಹಾಕಿ. ಸಿಲಿಂಡರ್ ಹೆಡ್‌ನ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರ್‌ನ ಓ-ರಿಂಗ್ ಈ ಕಾರಿನಲ್ಲಿ ಸೋರುವ ಜಾಗ. ಆಯಿಲ್ ಗೇರ್‌ಬಾಕ್ಸ್ ಮೇಲೆ ಇಳಿಯುವುದರಿಂದ ಕ್ರ್ಯಾಂಕ್‌ನ ಹಿಂದಿನ ಸೀಲ್ ಹೋಗಿದೆ ಎಂದು ಅನೇಕರು ತಪ್ಪು ತಿಳಿಯುತ್ತಾರೆ.

ಕ್ಯಾನ್ ಬೇಗ ಬೇಗ ತುಂಬುತ್ತಿದ್ದರೆ ಕಂಪ್ರೆಷನ್ ಹಾಗೂ ಲೀಕ್-ಡೌನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ರಿಂಗ್‌ಗಳು ಸವೆದಿದ್ದರೆ ಕ್ಯಾಚ್ ಕ್ಯಾನ್ ಆ ರೋಗವನ್ನು ಮರೆಮಾಚುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ.