ಹತ್ತೊಂಬತ್ತನೇ ದಿನ

ನಮ್ಮ ಚಿಕ್ಕಪ್ಪನ ಬಲಗೈಯಲ್ಲಿ ಎರಡು ಬೆರಳಿಲ್ಲ. ತೋರುಬೆರಳು ಮತ್ತು ನಡುಬೆರಳು. ಚಿಕ್ಕವರಿದ್ದಾಗ ನಾವು ಆ ಕೈಯನ್ನು ಹಿಡಿದುಕೊಂಡೇ ತುರುವೇಕೆರೆ ಸಂತೆಗೆ ಹೋಗುತ್ತಿದ್ದುದರಿಂದ ಅದು ನಮಗೆ ವಿಚಿತ್ರ ಅನ್ನಿಸಿದ್ದೇ ಇಲ್ಲ. ಹೇಗಾಯಿತು ಎಂದು ಕೇಳಿದರೆ "ಮಿಲ್ಲಿನಲ್ಲಿ" ಎಂದಷ್ಟೇ ಹೇಳುತ್ತಿದ್ದರು. ಪೂರ್ತಿ ಕಥೆ ಸಿಕ್ಕಿದ್ದು ತೀರಾ ಇತ್ತೀಚೆಗೆ, ಅಟ್ಟದ ಮೇಲಿನ ಉಂಡೆ ಕೊಬ್ಬರಿಯನ್ನು ಕೆಳಗಿಳಿಸಿ ಕರಟ ಒಡೆಯುತ್ತ ಕೂತಿದ್ದ ಒಂದು ಮಧ್ಯಾಹ್ನ.

1986. ಅವರಿಗೆ ಇಪ್ಪತ್ತೆರಡು ವರ್ಷ. ತಿಪಟೂರು ಕಡೆಯ ಒಂದು ತೆಂಗಿನ ನಾರಿನ ಮಿಲ್ಲಿಗೆ ಕೆಲಸಕ್ಕೆ ಸೇರಿದ್ದರು. ತಿಂಗಳಿಗೆ ಮುನ್ನೂರು ರೂಪಾಯಿ. ನೆನೆಸಿದ ಮಟ್ಟೆಯನ್ನು ಯಂತ್ರದ ಬಾಯಿಗೆ ಕೊಡುವ ಕೆಲಸ. ಸೇರುವಾಗ ಸಾಹುಕಾರರು "ಆರು ತಿಂಗಳು ಪ್ರೊಬೇಷನ್ನು, ಆಮೇಲೆ ನೋಡೋಣ" ಅಂದಿದ್ದರು. ಹತ್ತೊಂಬತ್ತನೇ ದಿನ ಒಂದು ಮಟ್ಟೆ ಅಡ್ಡ ಸಿಕ್ಕಿಕೊಂಡಿತು. ಬಿಡಿಸಲು ಹೋದ ಕೈಯನ್ನು ಉರುಳೆ ಎಳೆದುಕೊಂಡಿತು. ಆಸ್ಪತ್ರೆಯ ಖರ್ಚು ಕೊಟ್ಟರು, ಮೇಲೆ ನಾನೂರು ರೂಪಾಯಿ ಕೊಟ್ಟರು. ಗಾಯ ಒಣಗಿದ ಮೇಲೆ ಹೋದಾಗ ಹೇಳಿದ್ದು ಎರಡು ಮಾತು: "ನೀನಿನ್ನೂ ಪರ್ಮನೆಂಟ್ ಆಗಿರಲಿಲ್ಲ ಕಣಪ್ಪ. ಅದೂ ಅಲ್ದೆ ಕೈ ಹಾಕಿದ್ದು ನೀನೇ ಅಲ್ವಾ?"

ಚಿಕ್ಕಪ್ಪ ಒಪ್ಪಿಕೊಂಡು ಮನೆಗೆ ಬಂದರು. ನನ್ನನ್ನು ಕಾಡಿದ್ದು ಆ ಒಪ್ಪಿಗೆ. ಆ ಎರಡು ಮಾತು ಎಲ್ಲಿಂದ ಬಂದವು ಎಂದು ಹುಡುಕಿಕೊಂಡು ಹೋದೆ.

ಎರಡನೆಯ ಮಾತೇ ಹಳೆಯದು. 1837ರಲ್ಲಿ ಇಂಗ್ಲೆಂಡಿನಲ್ಲಿ ಪ್ರೀಸ್ಟ್ಲಿ ಎಂಬ ಹುಡುಗನ ಮೊಕದ್ದಮೆ ನಡೆಯಿತು. ಅವನು ಫೌಲರ್ ಎಂಬ ಮಾಂಸದ ವ್ಯಾಪಾರಿಯ ಆಳು. ಭಾರ ಹೆಚ್ಚಾಗಿದ್ದ ಬಂಡಿ ಮುರಿದು ಹುಡುಗನ ತೊಡೆಮೂಳೆ ಮುರಿಯಿತು. ಜೂರಿ ನೂರು ಪೌಂಡ್ ಕೊಡಿಸಿತು, ಮೇಲಿನ ನ್ಯಾಯಾಲಯ ಅದನ್ನು ಕಿತ್ತುಕೊಂಡಿತು. ಬಂಡಿಗೆ ಭಾರ ಹೆಚ್ಚಾಗಿದೆ ಎಂದು ಯಜಮಾನನಷ್ಟೇ ಆಳಿಗೂ ಗೊತ್ತಿರುತ್ತದೆ, ಅಪಾಯ ಅನ್ನಿಸಿದರೆ ಹತ್ತದೇ ಇರಬಹುದಿತ್ತು ಎಂಬುದು ಅಲ್ಲಿನ ತರ್ಕ. ಹತ್ತದೇ ಇದ್ದರೆ ಕೆಲಸ ಉಳಿಯುತ್ತಿತ್ತೇ ಎಂದು ಯಾರೂ ಕೇಳಲಿಲ್ಲ. ಮುಂದೆ ಬಹುಕಾಲ ಗಾಯಗೊಂಡ ಕೂಲಿಕಾರರೆಲ್ಲ ಈ ತೀರ್ಪಿನ ಗೋಡೆಗೆ ತಲೆ ಚಚ್ಚಿಕೊಂಡರು.

1884ರಲ್ಲಿ ಎರಡು ಸಂಗತಿ ನಡೆದವು. ಜರ್ಮನಿಯಲ್ಲಿ ಬಿಸ್ಮಾರ್ಕನ ಸರ್ಕಾರ ಅಪಘಾತ ವಿಮೆಯ ಕಾಯಿದೆ ತಂದಿತು. ಅದೇ ವರ್ಷ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕೆಲಸಗಾರರ ಸಭೆ ಸೇರಿಸಿ ಫ್ಯಾಕ್ಟರಿ ಕಮಿಷನ್ನಿಗೆ ಒಂದು ಮನವಿ ಬರೆದರು. ಅದಕ್ಕೆ ಸುಮಾರು 5,500 ಜನ ಸಹಿ ಹಾಕಿದ್ದರು. ಭಾನುವಾರದ ರಜೆ, ಮಧ್ಯಾಹ್ನ ಅರ್ಧ ಗಂಟೆಯ ಬಿಡುವು ಇವುಗಳ ಜೊತೆಗೆ ಅವರು ಕೇಳಿದ್ದು: ಕೆಲಸದಲ್ಲಿ ಪೆಟ್ಟಾದವನಿಗೆ ಗುಣವಾಗುವವರೆಗೆ ಪೂರ್ತಿ ಕೂಲಿ, ಅಂಗ ಊನವಾದವನಿಗೆ ಜೀವನಕ್ಕೊಂದು ದಾರಿ. ಎಷ್ಟು ದಿನ ದುಡಿದವನಿಗೆ ಎಂಬ ಷರತ್ತು ಆ ಬೇಡಿಕೆಯಲ್ಲಿ ಇರಲಿಲ್ಲ.

ಸರ್ಕಾರ ಅದಕ್ಕೆ ಉತ್ತರ ಕೊಡಲು ನಲವತ್ತು ವರ್ಷ ಹಿಡಿಯಿತು. 1923ರಲ್ಲಿ ಕೆಲಸಗಾರರ ನಷ್ಟ ಪರಿಹಾರ ಕಾಯಿದೆ ಪಾಸಾಗಿ 1924ರ ಜುಲೈ 1ರಂದು ಜಾರಿಗೆ ಬಂತು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಆಗ ಮೈಸೂರು ಸಂಸ್ಥಾನದ ಊರುಗಳು, ಬ್ರಿಟಿಷ್ ಇಂಡಿಯಾದ ಕಾಯಿದೆ ನೇರವಾಗಿ ಇಲ್ಲಿಗೆ ಲಾಗೂ ಆಗುತ್ತಿರಲಿಲ್ಲ. 1986ರ ಹೊತ್ತಿಗಂತೂ ಅದು ಇಲ್ಲಿಯ ಕಾಯಿದೆಯೇ ಆಗಿತ್ತು.

ಈ ಕಾಯಿದೆ ಹಳೆಯ ಪ್ರಶ್ನೆಯನ್ನೇ ಬದಲಿಸಿತು. ತಪ್ಪು ಯಾರದು ಎಂದು ಅದು ಮೊದಲು ಕೇಳುವುದಿಲ್ಲ. ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ ಪೆಟ್ಟಾಯಿತೇ ಎಂದು ಕೇಳುತ್ತದೆ. ಕುಡಿದಿದ್ದ, ಬೇಕೆಂದೇ ಸುರಕ್ಷತೆಯ ನಿಯಮ ಮೀರಿದ, ಯಂತ್ರದ ರಕ್ಷಣಾ ಕವಚವನ್ನು ಉದ್ದೇಶಪೂರ್ವಕ ತೆಗೆದ ಎಂಬಂಥ ಕೆಲವು ವಿನಾಯಿತಿಗಳಿವೆ. ಬರೀ ಅಜಾಗ್ರತೆ ಆ ಪಟ್ಟಿಯಲ್ಲಿಲ್ಲ. ಸಿಕ್ಕಿಕೊಂಡ ಮಟ್ಟೆ ಬಿಡಿಸಲು ಕೈ ಹಾಕುವುದು ಕೆಲಸವಲ್ಲದೆ ಮತ್ತೇನು?

ಇನ್ನು ಪ್ರೊಬೇಷನ್. ಈ ಪದ ಬಂದದ್ದು ಬೇರೆ ಮನೆಯಿಂದ. 1946ರ ಸ್ಥಾಯಿ ಆದೇಶಗಳ ಕಾಯಿದೆಯ ಕೆಳಗೆ ಬಂದ ಮಾದರಿ ನಿಯಮಗಳಲ್ಲಿ ಕಾಯಂ, ಪ್ರೊಬೇಷನರ್, ಬದಲಿ, ತಾತ್ಕಾಲಿಕ, ಕ್ಯಾಷುಯಲ್, ಅಪ್ರೆಂಟಿಸ್ ಎಂಬ ಜಾತಿಗಳಿವೆ. ಖಾಲಿ ಇರುವ ಕಾಯಂ ಜಾಗಕ್ಕೆ ತೆಗೆದುಕೊಂಡು ಇನ್ನೂ ಮೂರು ತಿಂಗಳು ತುಂಬದವನು ಪ್ರೊಬೇಷನರ್. ರಜೆ, ಬಡ್ತಿ, ಕೆಲಸದಿಂದ ತೆಗೆಯುವ ಬಗೆ, ಇವುಗಳ ಲೆಕ್ಕಕ್ಕೆ ಆ ವಿಂಗಡಣೆ. ಕೈಗಾರಿಕಾ ವಿವಾದ ಕಾಯಿದೆಯಲ್ಲೂ ಮನೆಗೆ ಕಳಿಸುವಾಗಿನ ಪರಿಹಾರಕ್ಕೆ 240 ದಿನ ದುಡಿದಿರಬೇಕು ಎಂಬ ಲೆಕ್ಕವಿತ್ತು. ಹಾಗಾಗಿ ಹೊಸಬನನ್ನು ಕೆಲಸದಿಂದ ಬಿಡಿಸುವುದು ಸುಲಭವಿತ್ತು, ನಿಜ. ಆದರೆ ಬೆರಳಿನ ಲೆಕ್ಕಕ್ಕೆ ಈ ಯಾವ ದಿನಗಣನೆಯೂ ಸೇರುವುದಿಲ್ಲ. ಮೊದಲ ದಿನದವನೂ ಮೂವತ್ತು ವರ್ಷದವನೂ ಪರಿಹಾರದ ಕಾಯಿದೆಗೆ ಒಂದೇ. ಸಾಹುಕಾರರು ಒಂದು ಕಾನೂನಿನ ಪದ ತಂದು ಇನ್ನೊಂದು ಕಾನೂನಿನ ಬಾಗಿಲಿಗೆ ಬೀಗ ಹಾಕಿದ್ದರು. ಬೇಕೆಂದೇ ಹಾಕಿದರೋ ಅವರಿಗೂ ಗೊತ್ತಿರಲಿಲ್ಲವೋ, ಈಗ ಕೇಳಲು ಅವರಿಲ್ಲ.

ಕಾಯಿದೆಯ ಮೊದಲ ಅನುಸೂಚಿ ಓದುವಾಗ ಮೈ ಜುಂ ಎನ್ನುತ್ತದೆ. ದೇಹವನ್ನು ಬಿಡಿಬಿಡಿಯಾಗಿ ಶೇಕಡಾ ಲೆಕ್ಕದಲ್ಲಿ ಬರೆದಿದ್ದಾರೆ. ಹೆಬ್ಬೆರಳು ಪೂರ್ತಿ ಹೋದರೆ 30. ತೋರುಬೆರಳೊಂದಕ್ಕೆ 14. ಒಂದು ಕೈಯ ಎರಡು ಬೆರಳು ಹೋದರೆ 20. ನಾನು ಚಿಕ್ಕಪ್ಪನ ಲೆಕ್ಕ ಹಾಕಿದೆ. 1984ರ ತಿದ್ದುಪಡಿಯ ಪ್ರಕಾರ ಪೂರ್ಣ ಅಂಗವಿಕಲತೆಗೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕಿಯಿಂದ ಗುಣಿಸಬೇಕು. ಇಪ್ಪತ್ತೆರಡು ವರ್ಷಕ್ಕೆ ಆ ಅಂಕಿ 221.37. ನೂರೈವತ್ತರಿಂದ ಗುಣಿಸಿದರೆ 33,205 ರೂಪಾಯಿ ಚಿಲ್ಲರೆ. ಅದರಲ್ಲಿ ಶೇಕಡಾ 20, ಅಂದರೆ 6,641 ರೂಪಾಯಿ. ಅರ್ಜಿ ಹಾಕಲು ಎರಡು ವರ್ಷ ಕಾಲಾವಕಾಶವೂ ಇತ್ತು. ಆ ಎರಡು ವರ್ಷ ಚಿಕ್ಕಪ್ಪ ಎಡಗೈಯಲ್ಲಿ ಮಚ್ಚು ಹಿಡಿಯುವುದು ಕಲಿಯುತ್ತಿದ್ದರು.

ಶೇಕಡಾ ಪಟ್ಟಿಯೇ ಕೊನೆಯ ಮಾತಲ್ಲ ಎಂದೂ ಅಷ್ಟರಲ್ಲಿ ತೀರ್ಮಾನವಾಗಿತ್ತು. ಒಡಿಶಾದ ಜೈಪುರ ಎಂಬ ಊರಿನಲ್ಲಿ ಸಿನಿಮಾ ಮಂದಿರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ 1968ರಲ್ಲಿ ಬಿದ್ದು ಎಡಗೈ ಕಳೆದುಕೊಂಡ. ಮಾಲೀಕರ ವಾದ ನಮ್ಮೂರಿನದೇ: ಅವನು ನಮ್ಮ ಆಳಲ್ಲ, ಆಗೀಗ ಬರುವ ಗುತ್ತಿಗೆಯವನು, ತಪ್ಪೂ ಅವನದೇ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ವಿರುದ್ಧ ಶ್ರೀನಿವಾಸ ಸಬಾತ ಎಂಬ ಆ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅವನ ನಷ್ಟ ಪೂರ್ತಿ ನೂರಕ್ಕೆ ನೂರು ಎಂದು 1975ರ ಡಿಸೆಂಬರಿನಲ್ಲಿ ತೀರ್ಪಾಯಿತು. ಪರಿಹಾರ ಕೊಡುವ ಹೊಣೆ ಪೆಟ್ಟಾದ ದಿನವೇ ಹುಟ್ಟುತ್ತದೆ, ಅಧಿಕಾರಿ ಆದೇಶ ಬರೆದ ದಿನ ಅಲ್ಲ ಎಂಬುದೂ ಅದರಲ್ಲೇ ಇತ್ತು.

ಆದರೂ ಕಾಯಿದೆಗೆ ಒಂದು ಕುರುಡು ಕಣ್ಣಿತ್ತು. ಮಾಲೀಕನ ವ್ಯಾಪಾರ ವಹಿವಾಟಿಗೆ ಸಂಬಂಧಪಡದೆ ಆಗೀಗ ಬಂದು ಕೆಲಸ ಮಾಡುವವನನ್ನು ಅದು ಹೊರಗಿಟ್ಟಿತ್ತು. ಮಿಲ್ಲಿನ ಕೆಲಸಗಾರನಿಗೆ ಇದು ತಟ್ಟುತ್ತಿರಲಿಲ್ಲ. ಮನೆಯ ಹಿತ್ತಲಿನ ನಾಲ್ಕು ಮರದ ಕಾಯಿ ಕೀಳಲು ಕರೆಸಿಕೊಂಡವನಿಗೆ ತಟ್ಟುತ್ತಿತ್ತು. ಆ ಮಾತುಗಳನ್ನು ತೆಗೆದುಹಾಕಿದ್ದು 2000ದ ತಿದ್ದುಪಡಿ. ಕಾಯಿ ಕೀಳುವವರಿಗೆಂದು ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯೂ ಈಗ ಇದೆ. ನಮ್ಮೂರಲ್ಲಿ ಮರ ಹತ್ತುವ ಇಬ್ಬರನ್ನು ಕೇಳಿದೆ, ಇಬ್ಬರೂ ಅದರ ಹೆಸರು ಕೇಳಿರಲಿಲ್ಲ.

ಇ.ಎಸ್.ಐ. ಇರುವ ಕಡೆ ದಾರಿ ಇನ್ನೂ ನೇರ. ಕಾಯಿಲೆಯ ಭತ್ಯೆಗೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಎಂಬ ನಿಯಮವಿದೆ. ಕೆಲಸದಲ್ಲಾದ ಗಾಯಕ್ಕೆ ಆ ನಿಯಮವಿಲ್ಲ, ಸೇರಿದ ದಿನದಿಂದಲೇ ಹಕ್ಕು. ಗಾಯದ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯಕೂಡದು ಎಂದು 1948ರ ಕಾಯಿದೆಯ 73ನೇ ಕಲಮು ಹೇಳುತ್ತಿತ್ತು. ಹೊಸಬನಿಗೆ ನಿಜವಾಗಿ ಬೇಕಾದ ಆಸರೆ ಇದು, ಏಕೆಂದರೆ ಅವನು ಬಾಯಿ ಬಿಡದಿರುವುದು ಬೆರಳಿಗಿಂತ ಕೆಲಸಕ್ಕೆ ಹೆದರಿ. 2025ರ ನವೆಂಬರ್ 21ರಂದು ಈ ಹಳೆಯ ಕಾಯಿದೆಗಳ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರ ಜೊತೆಗೇ ಬಂದ ಇನ್ನೊಂದು ಸಂಹಿತೆ ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಲೇಬೇಕು ಎನ್ನುತ್ತದೆ. ಚಿಕ್ಕಪ್ಪನ ಬಳಿ ಇದ್ದದ್ದು ಸಾಹುಕಾರರ ಬಾಯಿಮಾತು ಮಾತ್ರ. ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರಿತ್ತೋ ಇಲ್ಲವೋ ಇವತ್ತಿಗೂ ಅವರಿಗೆ ಗೊತ್ತಿಲ್ಲ. ಹಕ್ಕು ಇದ್ದರೂ ಅಲ್ಲಿ ಕೆಲಸ ಮಾಡುತ್ತಿದ್ದೆ ಎಂದು ತೋರಿಸುವುದು ಕಷ್ಟವೇ ಆಗುತ್ತಿತ್ತೇನೋ.

6,641ರ ಲೆಕ್ಕವನ್ನು ಅವರಿಗೆ ಹೇಳಬೇಕೋ ಬೇಡವೋ ಎಂದು ತುಂಬ ದಿನ ಯೋಚಿಸಿ ಕೊನೆಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆಗ ಆ ದುಡ್ಡಿಗೆ ಎರಡು ಜೊತೆ ಎತ್ತು ಬರ್ತಿದ್ವು" ಅಂದರು.

ಕಳೆದ ತಿಂಗಳು ಅವರ ಮೊಮ್ಮಗಳು ತುಮಕೂರಿನ ಒಂದು ಕಾರ್ಖಾನೆಗೆ ಸೇರಿದಳು. ಮೊದಲ ಭಾನುವಾರ ಊರಿಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಚಿಕ್ಕಪ್ಪ ಕೇಳಿದರು: "ಇ.ಎಸ್.ಐ. ನಂಬರು ಕೊಟ್ರೇನವ್ವ?"

"ಇನ್ನೂ ಪ್ರೊಬೇಷನ್ನು ತಾತ, ಆಮೇಲೆ ಕೊಡ್ತಾರಂತೆ" ಅಂದಳು.

ಚಿಕ್ಕಪ್ಪ ನನ್ನ ಕಡೆ ನೋಡಿದರು. "ನಾಳೆ ಇವಳ ಜೊತೆ ನೀನೂ ಹೋಗ್ಬಾ" ಅಂದರು.