ನೆಪ್ಪರ್, ಜಿಮ್ಮಿ

1927-2003. ಅಮೆರಿಕದ ಜಾಜ್ ಟ್ರಾಂಬೋನ್ ವಾದಕ. ಸಂಯೋಜಕನೂ ಬಾಸ್ ವಾದಕನೂ ಆಗಿದ್ದ ಚಾರ್ಲ್ಸ್ ಮಿಂಗಸ್ 1950ರ ದಶಕದ ಕೊನೆಯಲ್ಲಿ ಮಾಡಿದ ಧ್ವನಿಮುದ್ರಣಗಳಲ್ಲಿ ಈತನ ಪಾಲು ದೊಡ್ಡದು. ಅವನ್ನು ಕೇಳದ ಜಾಜ್ ಪ್ರಿಯರು ವಿರಳ. ಅಲ್ಲಿ ಟ್ರಾಂಬೋನ್ ನುಡಿಸಿದವನ ಹೆಸರು ಹೇಳಬಲ್ಲವರು ಇನ್ನೂ ವಿರಳ. ಹೆಸರು ಬಲ್ಲವರೂ ಮೊದಲು ಎತ್ತುವುದು ಅವನು ಮಿಂಗಸ್‌ನಿಂದ ತಿಂದ ಗುದ್ದಿನ ಮಾತನ್ನೇ. ಇದು ಈತನಿಗೆ ಆಗಿರುವ ಅನ್ಯಾಯ.

ಹುಟ್ಟಿದ್ದು 1927ರ ನವೆಂಬರ್ 22ರಂದು, ಲಾಸ್ ಏಂಜಲಿಸ್‌ನಲ್ಲಿ. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರನ ಸಂಗೀತ ಈತನನ್ನು ಎಳವೆಯಲ್ಲೇ ಸೆಳೆದಿತ್ತು. ಪಾರ್ಕರನ ವಾದನವನ್ನು ಬೆನ್ನುಹತ್ತಿ ಮುದ್ರಿಸಿಕೊಂಡ ಡೀನ್ ಬೆನೆಡೆಟ್ಟಿ ಈತನ ಗೆಳೆಯ. ಚಾರ್ಲಿ ಬಾರ್ನೆಟ್, ವುಡಿ ಹರ್ಮನ್, ಕ್ಲಾಡ್ ಥಾರ್ನ್‌ಹಿಲ್ ಮೊದಲಾದವರ ವಾದ್ಯವೃಂದಗಳಲ್ಲಿ ದುಡಿದು 1957ರಲ್ಲಿ ಮಿಂಗಸ್‌ನ ತಂಡ ಸೇರಿದ.

ಆ ವರ್ಷ ಮುದ್ರಣಗೊಂಡ 'ದಿ ಕ್ಲೌನ್' ಸಂಪುಟದ 'ಹೈಟಿಯನ್ ಫೈಟ್ ಸಾಂಗ್' ಈತನನ್ನು ಅರಿಯಲು ತಕ್ಕ ಕೃತಿ. ಮಿಂಗಸ್ ಬಾಸ್ ಒಂದರಿಂದಲೇ ಆರಂಭಿಸಿ ಕಟ್ಟುವ ಬಿಗುವಿನೊಳಕ್ಕೆ ಟ್ರಾಂಬೋನ್ ಬರುತ್ತದೆ. ಗೊಗ್ಗರು ದನಿಯ ಕೂಗು, ಅದರ ಬೆನ್ನಿಗೇ ನಯವಾದ ಮಾತು. ಅದೇ ವರ್ಷ ಮುದ್ರಿಸಿದ 'ಟಿಹುವಾನಾ ಮೂಡ್ಸ್' ಹೊರಬಂದದ್ದು 1962ರಲ್ಲಿ. 'ಬ್ಲೂಸ್ ಅಂಡ್ ರೂಟ್ಸ್' (1959) ಮತ್ತೊಂದು ಮುಖ್ಯ ಸಂಪುಟ. 1958ರಲ್ಲಿ 'ಡೌನ್‌ಬೀಟ್' ಪತ್ರಿಕೆಯ ವಿಮರ್ಶಕರು ಈತನನ್ನು ತನ್ನ ವಾದ್ಯದ ಹೊಸ ತಾರೆಯೆಂದು ಆರಿಸಿದರು.

ಟ್ರಾಂಬೋನಿಗೆ ಸಾಮಾನ್ಯವಾಗಿ ಗುಂಡಿಗಳಿಲ್ಲ. ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಸರಿಸಿ, ತುಟಿಯ ಬಿಗಿಯನ್ನು ಬದಲಿಸಿ ಸ್ವರ ಹಿಡಿಯಬೇಕು. ನಾಲಗೆಯಿಂದ ಬಿಡಿಸಿ ನುಡಿಸದಿದ್ದರೆ ಸ್ವರಗಳು ನಮ್ಮ ಜಾರುಗಮಕದಂತೆ ಒಂದರೊಳಗೊಂದು ಹರಿದುಬಿಡುತ್ತವೆ. ಜೆ.ಜೆ. ಜಾನ್ಸನ್ 1940ರ ದಶಕದಲ್ಲಿ ನಾಲಗೆಯ ಚುರುಕಿನಿಂದ, ಪ್ರತಿ ಸ್ವರವನ್ನೂ ಕಡೆದಿಟ್ಟಂತೆ ನುಡಿಸಿ ಬೆಬಾಪ್ ಎಂಬ ಜಾಜ್ ಶೈಲಿಯ ವೇಗವನ್ನು ಈ ವಾದ್ಯಕ್ಕೆ ತಂದ. ಮುಂದಿನವರಲ್ಲಿ ಬಹುಮಂದಿ ಅದೇ ದಾರಿ ಹಿಡಿದರು. ನೆಪ್ಪರ್ ಬೇರೆ ದಾರಿ ತುಳಿದ. ಕೊಳವೆಗೆ ಏಳು ಸ್ಥಾನಗಳಿವೆ. ಕೆಲವು ಸ್ವರಗಳು ಒಂದಕ್ಕಿಂತ ಹೆಚ್ಚು ಸ್ಥಾನಗಳಲ್ಲಿ ಸಿಗುತ್ತವೆ. ನಡುವಣ ಎಫ್ ಸ್ವರವನ್ನು ಒಂದನೆಯ ಸ್ಥಾನದಲ್ಲಿ ಹಿಡಿಯುವುದು ವಾಡಿಕೆ, ಆರನೆಯದರಲ್ಲೂ ಅದು ಸಿಗುತ್ತದೆ. ಇಂಥ ಬದಲಿ ಸ್ಥಾನಗಳನ್ನು ಈತ ಧಾರಾಳವಾಗಿ ಬಳಸಿದ. ಕೈಯ ಓಡಾಟ ಕಡಿಮೆಯಾಯಿತು; ಸ್ವರಗಳು ತಾವಾಗಿಯೇ ಬಿಡಿಸಿಕೊಂಡವು, ನಾಲಗೆಯ ಪೆಟ್ಟು ಹಗುರವಾದರೆ ಸಾಕಾಯಿತು. ಸ್ಯಾಕ್ಸೊಫೋನಿನಂತೆ ಬಳುಕುವ ಅವನ ಸಾಲುಗಳ ಗುಟ್ಟು ಇದು. ಆಧುನಿಕ ಜಾಜ್‌ನಲ್ಲಿ ಟ್ರಾಂಬೋನಿಗೆ ಜಾನ್ಸನ್‌ನ ನೆರಳಿನಾಚೆ ಸ್ವಂತ ನುಡಿಗಟ್ಟನ್ನು ಕಟ್ಟಿಕೊಟ್ಟ ಕೆಲವರಲ್ಲಿ ಈತ ಮುಂಚೂಣಿಯವನು.

ವಿಳಂಬಗತಿಯಲ್ಲಿ ಈತನನ್ನು ಕೇಳಬೇಕಾದದ್ದು ಸಂಯೋಜಕ ಗಿಲ್ ಇವಾನ್ಸ್‌ನ 'ಔಟ್ ಆಫ್ ದಿ ಕೂಲ್' (1960) ಸಂಪುಟದ 'ವೇರ್ ಫ್ಲೆಮಿಂಗೋಸ್ ಫ್ಲೈ'ನಲ್ಲಿ. ಇಲ್ಲಿ ಟ್ರಾಂಬೋನೇ ಹಾಡುಗಾರ, ಅದರ ಅಳಲಿನಲ್ಲಿ ಎಲ್ಲೂ ಅತಿಯಿಲ್ಲ. ಸ್ವಂತ ಹೆಸರಿನಲ್ಲಿ ಬಂದ ಮುದ್ರಿಕೆಗಳು ಕೈಬೆರಳೆಣಿಕೆಯವು. ಬೆತ್ಲೆಹೆಮ್ ಕಂಪನಿಗಾಗಿ 1957ರಲ್ಲಿ ಮಾಡಿದ ಮೊದಲ ಸಂಪುಟದಲ್ಲಿ ಪಿಯಾನೋ ನುಡಿಸಿದವನು, ಆಗಿನ್ನೂ ಹೆಸರು ಮಾಡುತ್ತಿದ್ದ ಬಿಲ್ ಇವಾನ್ಸ್.

1962ರಲ್ಲಿ ಬೆನ್ನಿ ಗುಡ್‌ಮನ್‌ನ ವೃಂದದೊಡನೆ ಸೋವಿಯತ್ ಒಕ್ಕೂಟದ ಪ್ರವಾಸ ಮಾಡಿದ. ಅದೇ ವರ್ಷದ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಮಿಂಗಸ್‌ನ ಕಛೇರಿಯ ತಯಾರಿ ನಡೆದಿದ್ದಾಗ, ಸಂಗೀತ ಬರೆಯುವ ಹೆಚ್ಚಿನ ಕೆಲಸವನ್ನು ಒಪ್ಪಲಿಲ್ಲವೆಂದು ಮಿಂಗಸ್ ಈತನ ಬಾಯಿಗೆ ಗುದ್ದಿದ. ಹಲ್ಲು ಮುರಿಯಿತು. ಹಿತ್ತಾಳೆ ವಾದ್ಯ ಊದುವವನಿಗೆ ತುಟಿ ಹಲ್ಲುಗಳ ಹೊಂದಿಕೆಯೇ ಬಂಡವಾಳ. ನೆಪ್ಪರ್ ತನ್ನ ಮೇಲುಸ್ಥಾಯಿಯಲ್ಲಿ ಸುಮಾರು ಒಂದು ಸಪ್ತಕ ಕಳೆದುಕೊಂಡ. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಮಿಂಗಸ್‌ಗೆ ಅಮಾನತಿನಲ್ಲಿಟ್ಟ ಶಿಕ್ಷೆಯಾಯಿತು.

ಈತನ ಕಥೆಯನ್ನು ಇಲ್ಲಿಗೇ ಮುಗಿಸುವುದು ರೂಢಿ. ಆದರೆ ಆಮೇಲೆ ನಾಲ್ಕು ದಶಕಗಳ ಬದುಕಿತ್ತು. ಬ್ರಾಡ್‌ವೇ ರಂಗಮಂದಿರಗಳ ವಾದ್ಯವೃಂದದಲ್ಲಿ ದುಡಿಯುತ್ತ, ಬಳಿಕ ಥ್ಯಾಡ್ ಜೋನ್ಸ್–ಮೆಲ್ ಲೂಯಿಸ್ ವೃಂದದಲ್ಲಿ ವರ್ಷಗಟ್ಟಲೆ ನುಡಿಸುತ್ತ ಕೈ ಕುದುರಿಸಿಕೊಂಡ. 1976ರ 'ಕನ್ನಿಂಗ್‌ಬರ್ಡ್' (ಸ್ಟೀಪಲ್‌ಚೇಸ್ ಕಂಪನಿ) ಇದಕ್ಕೆ ಸಾಕ್ಷಿ. ಎತ್ತರದ ಸ್ವರಗಳಿಗಾಗಿ ಅಲ್ಲಿ ಹೆಣಗಾಟವಿಲ್ಲ; ಮಧ್ಯಸ್ಥಾಯಿಯಲ್ಲೇ ತಿರುವು ಮುರಿವುಗಳು ಹೆಚ್ಚಿ, ಸಂಗೀತ ಇನ್ನಷ್ಟು ದಟ್ಟವಾಗಿದೆ. ಸ್ಯಾಕ್ಸೊಫೋನ್ ವಾದಕ ಅಲ್ ಕೋನ್ ಜೊತೆಗಿರುವ ಈ ಸಂಪುಟ 1957ರದಕ್ಕಿಂತ ಒಂದು ಕೈ ಮೇಲು ಎನ್ನಲು ಅಡ್ಡಿಯಿಲ್ಲ.

ಮಿಂಗಸ್‌ನೊಡನೆ ಮತ್ತೆ ನುಡಿಸಿದ. 1977ರ 'ಕುಂಬಿಯಾ ಅಂಡ್ ಜಾಜ್ ಫ್ಯೂಷನ್'ನಲ್ಲಿ ಈತನಿದ್ದಾನೆ. ಮಿಂಗಸ್ 1979ರಲ್ಲಿ ತೀರಿಕೊಂಡ ಮೇಲೆ ಅವನ ಕೃತಿಗಳಿಗಾಗಿ ಹುಟ್ಟಿದ ಮಿಂಗಸ್ ಡೈನಸ್ಟಿ ತಂಡಕ್ಕೂ ಹೆಗಲು ಕೊಟ್ಟ. 2003ರ ಜೂನ್ 14ರಂದು ವೆಸ್ಟ್ ವರ್ಜೀನಿಯಾದ ಟ್ರಯಡೆಲ್ಫಿಯಾದಲ್ಲಿ ನಿಧನನಾದ.