ಬೋಧಿಸತ್ವನ ಎಡಗೈ, ಬಲಗೈ

ಗೋಲಗುಮ್ಮಟ ಅರಕೇರಿ, ತಿಕೋಟಾ, ಬಬಲೇಶ್ವರದ ಜನಕ್ಕೆ ಹೊಸದಲ್ಲ. ಆದರೆ ಅದು ಒಂದು ಕಾಲಕ್ಕೆ ಆರಾಣೆಯ ಅಂಚೆಚೀಟಿಯ ಮೇಲೇರಿ ಊರೂರು ಸುತ್ತಿದ್ದು ಎಷ್ಟು ಜನರಿಗೆ ನೆನಪಿದೆಯೋ. ಸ್ವಾತಂತ್ರ್ಯ ಬಂದು ಎರಡು ವರ್ಷ ತುಂಬಿದ ದಿನ, 1949ರ ಆಗಸ್ಟ್ 15ರಂದು, ಆರನೆಯ ಜಾರ್ಜ್ ದೊರೆಯ ಮುಖವಿದ್ದ ನಿತ್ಯಬಳಕೆಯ ಚೀಟಿಗಳ ಬದಲಿಗೆ ಭಾರತದ ಪ್ರಾಚೀನ ಸ್ಮಾರಕಗಳ ಹದಿನಾರು ಚೀಟಿಗಳ ಮಾಲೆ ಹೊರಬಂತು. ಮೂರು ಪೈಯ ಅಜಂತಾದಿಂದ ಹದಿನೈದು ರೂಪಾಯಿಯ ಶತ್ರುಂಜಯ ದೇಗುಲದವರೆಗಿನ ಆ ಸಾಲಿನಲ್ಲಿ ಇಂದಿನ ಕರ್ನಾಟಕದ್ದು ನೇರಳೆ ಬಣ್ಣದ ಗುಮ್ಮಟವೊಂದೇ. ಆಗ ವಿಜಾಪುರವಿನ್ನೂ ಮುಂಬಯಿ ಪ್ರಾಂತದಲ್ಲಿತ್ತು; ಕನ್ನಡನಾಡು ಒಂದಾಗಲು 1956 ಬರಬೇಕಿತ್ತು.

ಮಾಲೆಯಲ್ಲಿ ಗುಮ್ಮಟಕ್ಕಿಂತ ಹೆಚ್ಚು ಮಾತಿಗೆ ಬಂದದ್ದು ಒಂದಾಣೆಯ ಬೋಧಿಸತ್ವ. ಚಿತ್ರ ತಿರುವುಮುರುವಾಗಿ ಅಚ್ಚಾಗಿತ್ತು, ಕನ್ನಡಿಯಲ್ಲಿ ಕಂಡಂತೆ. ಮೂಲ ವಿಗ್ರಹದ ಬಲಗೈ ಚೀಟಿಯಲ್ಲಿ ಎಡಗೈಯಾಗಿ ಚಾಚಿತ್ತು. ಇದು ಅಕ್ಷರ ತಪ್ಪಿದಂಥ ಸಣ್ಣ ಮಾತಲ್ಲ. ಬೌದ್ಧ ಶಿಲ್ಪಗಳಲ್ಲಿ ವರ ಕೊಡುವ ಕೈ ಸಾಮಾನ್ಯವಾಗಿ ಬಲಗೈ. ನಮ್ಮ ಮನೆಗಳಲ್ಲಿ ಮಜ್ಜಿಗೆಯ ಲೋಟವನ್ನೂ ಎಡಗೈಯಲ್ಲಿ ಕೊಡುವುದಿಲ್ಲ. ಹಾಗಿರುವಾಗ ದೇಶದ ಹೆಸರು ಹೊತ್ತ ಚೀಟಿಯ ಮೇಲೆ ಬೋಧಿಸತ್ವನೇ ಎಡಗೈ ಚಾಚಿದ್ದ! ಹೊಸ ರಾಷ್ಟ್ರ ತನ್ನ ಪರಂಪರೆಯನ್ನು ಜಗತ್ತಿಗೆ ತೋರಿಸಲು ಹೊರಟ ಮಾಲೆಯಲ್ಲೇ ಹೀಗಾಗಿತ್ತು. 1950ರಲ್ಲಿ ತಿದ್ದಿದ ಚೀಟಿ ಬಂತು. ಬೆಲೆ ಅದೇ, ಬಣ್ಣ ಅದೇ, ಕೈ ಮಾತ್ರ ಬೇರೆ.

ಗುಮ್ಮಟದ ಚಿತ್ರವೇ ಹೀಗೆ ತಿರುಗಿದ್ದರೆ ಗೊತ್ತಾಗುವುದು ಕಷ್ಟವಿತ್ತು. ಮುಹಮ್ಮದ್ ಆದಿಲ್‌ಶಾಹನ ಆ ಗೋರಿ ಕಟ್ಟಡಕ್ಕೆ ನಾಲ್ಕು ಮೂಲೆಗೂ ಒಂದೇ ಬಗೆಯ ಏಳಂತಸ್ತಿನ ಅಷ್ಟಕೋನದ ಮಿನಾರುಗಳು. ಎದುರು ನಿಂತು ನೋಡಿದರೆ ಎಡ ಬಲ ಎರಡೂ ಹೆಚ್ಚುಕಡಿಮೆ ಒಂದೇ.

ಸಂಗ್ರಾಹಕರಿಗೆ ಇಲ್ಲಿಂದಲೇ ಲೆಕ್ಕ ಶುರು. ಲಂಡನ್ನಿನ ಸ್ಟ್ಯಾನ್ಲಿ ಗಿಬ್ಬನ್ಸ್ ಸಂಸ್ಥೆಯ ಪಟ್ಟಿಯಲ್ಲಿ ಪ್ರತಿ ದೇಶದ ಚೀಟಿಗಳಿಗೂ ಬಿಡುಗಡೆಯ ಕ್ರಮದಲ್ಲಿ ಸಂಖ್ಯೆಗಳಿವೆ. ಈ ಮಾಲೆಯ ಹದಿನಾರು ಚೀಟಿಗಳು 309ರಿಂದ 324. ಎಡಗೈ ಬೋಧಿಸತ್ವ 312, ಗುಮ್ಮಟ 317. ತಿದ್ದಿದ ಬೋಧಿಸತ್ವನಿಗೆ 312ರ ಪಕ್ಕದಲ್ಲೇ ಒಂದು ಉಪಸಂಖ್ಯೆ ಸಾಕಿತ್ತಲ್ಲವೇ? ಸಿಗಲಿಲ್ಲ. ಚಿತ್ರವೇ ಬದಲಾದ ಮೇಲೆ ಅದು ಬೇರೆ ಚೀಟಿ ಎಂಬುದು ಪಟ್ಟಿಯ ನ್ಯಾಯ. ಹಾಗಾಗಿ ಅದು 333. ನಡುವಿನ ಇಪ್ಪತ್ತರಲ್ಲಿ ಹನ್ನೆರಡು ಅದೇ ಮಾಲೆಯವು, ನಾಲ್ಕು 1949ರ ಅಕ್ಟೋಬರಿನಲ್ಲಿ ವಿಶ್ವ ಅಂಚೆ ಒಕ್ಕೂಟದ 75 ವರ್ಷಕ್ಕೆ ಬಂದವು, ಉಳಿದ ನಾಲ್ಕು 1950ರ ಜನವರಿ 26ರವು. ಎಡಗೈ ಬಲಗೈಯಾಗುವಷ್ಟರಲ್ಲಿ ಭಾರತ ಗಣರಾಜ್ಯವಾಗಿತ್ತು.

1951ರಲ್ಲಿ ಇನ್ನೆರಡು ಸೇರಿದವು. ಮೂರೂವರೆ ಆಣೆಯಲ್ಲಿದ್ದ ಬೋಧಗಯೆಯ ದೇಗುಲ ಎರಡೂವರೆ ಆಣೆಗೂ ಬಂತು, ನಾಲ್ಕಾಣೆಯ ಭುವನೇಶ್ವರ ಅರಗಿನ ಕೆಂಪು ಬಿಟ್ಟು ನೀಲಿ ತೊಟ್ಟಿತು. ಹಾಗಾದರೆ ಪೂರ್ಣ ಮಾಲೆಯೆಂದರೆ ಹದಿನಾರೋ ಹತ್ತೊಂಬತ್ತೋ? 1949ರ ಬಿಡುಗಡೆಯೊಂದನ್ನೇ ಲೆಕ್ಕ ಹಿಡಿದವನಿಗೆ ಹದಿನಾರು ಸಾಕು. ಆದರೆ ಅವನ ಒಂದಾಣೆಯ ಮನೆಯಲ್ಲಿ ಬಲಗೈ ಬೋಧಿಸತ್ವ ಕುಳಿತಿದ್ದರೆ ಮಾಲೆ ಪೂರ್ಣವಲ್ಲ. ತಪ್ಪಿದ್ದೇ ಅಲ್ಲಿ ಸರಿಯಾದದ್ದು. ಇದಲ್ಲದೆ ಎರಡು ಸೆಂಟಿಮೀಟರಿನಲ್ಲಿ ಎಷ್ಟು ರಂಧ್ರ, ಕಾಗದದ ಒಡಲಿನ ನಕ್ಷತ್ರಗಳ ನೀರುಗುರುತು ನೆಟ್ಟಗಿದೆಯೋ ತಲೆಕೆಳಗಾಗಿದೆಯೋ ಎಂದು ಅಳೆದು ನೋಡುವವರೂ ಇದ್ದಾರೆ. ಅದು ಚಟ ಹತ್ತಿದವರ ಪಾಡು.

ತಪ್ಪು ಚೀಟಿಯೆಂದರೆ ಲಕ್ಷಾಂತರ ರೂಪಾಯಿ ಎಂಬ ನಂಬಿಕೆಯೊಂದಿದೆ. ಅದಕ್ಕೆ ಕಾರಣ 1854ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದ ನಾಲ್ಕಾಣೆಯ ಚೀಟಿಯಂಥವು. ಅದಕ್ಕೆ ಎರಡು ಬಣ್ಣ: ಚೌಕಟ್ಟು ಕೆಂಪು, ವಿಕ್ಟೋರಿಯಾ ರಾಣಿಯ ತಲೆ ನೀಲಿ. ಎರಡನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕುವಾಗ ಹಾಳೆ ತಿರುಗಿ, ಕೆಲವು ಚೀಟಿಗಳಲ್ಲಿ ರಾಣಿ ತಲೆಕೆಳಗಾದಳು. ಉಳಿದಿರುವುದು ಬೆರಳೆಣಿಕೆಯ ಪ್ರತಿಗಳು. ಆದ್ದರಿಂದಲೇ ಅವುಗಳಿಗೆ ಆ ಬೆಲೆ. ಅಲ್ಲಿ ತಪ್ಪಿದ್ದು ಹಾಳೆ ಹಾಕಿದ ಕೈ. ಬೋಧಿಸತ್ವನ ವಿಷಯದಲ್ಲಿ ತಪ್ಪಿದ್ದು ಮೂಲಚಿತ್ರ. ತಿದ್ದುವವರೆಗೆ ಅಚ್ಚಾದ ಪ್ರತಿಯೊಂದು ಚೀಟಿಯಲ್ಲೂ ಅದೇ ಎಡಗೈ, ಅದೂ ದಿನಬಳಕೆಯ ಒಂದಾಣೆಯಲ್ಲಿ. ಹೀಗಾಗಿ ಅದು ಅಪರೂಪದ್ದೇನೂ ಅಲ್ಲ. 'ದೋಷದ ಚೀಟಿ' ಎಂದು ಹೇಳಿ ಯಾರಾದರೂ ದುಬಾರಿ ಬೆಲೆ ಕೇಳಿದರೆ ಕೊಳ್ಳುವವನು ಇದನ್ನು ನೆನೆಯುವುದು ಒಳ್ಳೆಯದು.

ಅಜ್ಜನ ಕಾಲದ ಟ್ರಂಕಿನಲ್ಲಿ ಹಳೆಯ ಲಕೋಟೆಗಳಿದ್ದರೆ ಗುರುತು ಹಿಡಿಯುವುದು ಸುಲಭ. ಚಾಚಿದ ಕೈ ನೋಡುವವರ ಬಲಕ್ಕಿದ್ದರೆ ಅದು ಬೋಧಿಸತ್ವನ ಎಡಗೈ, 1949ರದು. ನೋಡುವವರ ಎಡಕ್ಕಿದ್ದರೆ ತಿದ್ದಿದ್ದು. ಲಕೋಟೆಯಿಂದ ಚೀಟಿಯನ್ನು ಕಿತ್ತು ತೆಗೆಯಬಾರದು; ಅದರ ಮೇಲಿನ ಅಂಚೆ ಮುದ್ರೆಯಲ್ಲಿ ಊರೂ ತಾರೀಖೂ ಇರುತ್ತವೆ.